ಕೊಡಲಿಯಲ್ಲ, ಬಾಚಿ

ಆ ನಕ್ಷೆಯ ಕೆಳಗೆ ನಾನು ಸಹಿ ಹಾಕಲಿಲ್ಲ. "ಹಾಕುವುದಿಲ್ಲ" ಎಂದಾಗ ನಮ್ಮ ಪ್ರಾಜೆಕ್ಟ್ ಮ್ಯಾನೇಜರ್ ನಕ್ಕ. ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು. ಹದಿಮೂರು ವರ್ಷ ಅವನ ಕೈಕೆಳಗೆ ದುಡಿದವಳು ನಾನು, ಒಂದು ದಿನವೂ ಎದುರಾಡಿದವಳಲ್ಲ. ಎರಡನೇ ಸಲ ಅದೇ ಮಾತು ಹೇಳಿದಾಗ ಅವನ ನಗು ನಿಂತಿತು.

ನನ್ನ ಕೆಲಸ ಏನೆಂದು ಮೊದಲು ಹೇಳಬೇಕು. ವಸ್ತುಸಂಗ್ರಹಾಲಯಗಳಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಹಳೆಯ ಕತ್ತಿಯೋ ಹೂಜಿಯೋ ಗಾಳಿಯಲ್ಲಿ ತೇಲಿದ ಹಾಗೆ ನಿಂತಿರುತ್ತದಲ್ಲ, ಅದರ ಹಿಂದೆ ಹಿತ್ತಾಳೆಯ ಸಣ್ಣ ಕಡ್ಡಿಗಳಿರುತ್ತವೆ. ವಸ್ತುವಿನ ಮೈಗೆ ಸರಿಯಾಗಿ ಬಗ್ಗಿಸಿ, ಬೆಸುಗೆ ಹಾಕಿ, ತಾಗುವ ಕಡೆ ಮೆತ್ತನೆಯ ಪದರ ಅಂಟಿಸಿ, ವಸ್ತುವಿನದೇ ಬಣ್ಣ ಬಳಿದ ಕಡ್ಡಿಗಳು. ಅದಕ್ಕೆ ಮೌಂಟ್ ಎನ್ನುತ್ತಾರೆ. ನೋಡಲು ಬಂದವರಿಗೆ ಮೌಂಟ್ ಕಾಣಿಸಿದರೆ ನಾನು ಸೋತೆ ಎಂದರ್ಥ. ಕಾಣಿಸದಿದ್ದರೆ ನಾನು ಇದ್ದೆ ಎಂಬುದೇ ಯಾರಿಗೂ ಗೊತ್ತಾಗುವುದಿಲ್ಲ.

ಈ ಕೆಲಸಕ್ಕೆ ನಾನು ಬಂದದ್ದು ಹಲ್ಲಿನ ದಾರಿಯಿಂದ. ಊರಿನಲ್ಲಿ ಡೆಂಟಲ್ ಟೆಕ್ನಿಷಿಯನ್ ಕೋರ್ಸ್ ಮುಗಿಸಿ ದುಬೈಗೆ ಬಂದೆ. ಮಿರ್ದಿಫ್‌ನ ಒಂದು ಲ್ಯಾಬಿನಲ್ಲಿ ಆರು ವರ್ಷ ಸೆಟ್ಟು ಹಲ್ಲು, ಕ್ಯಾಪು, ತಂತಿ ಮಾಡಿದೆ. ಯಾರದೋ ಬಾಯಿಯ ಅಚ್ಚು ನನ್ನ ಮೇಜಿನ ಮೇಲೆ ಬರುತ್ತಿತ್ತು, ಮುಖ ಬರುತ್ತಿರಲಿಲ್ಲ. ಆದರೂ ಹಲ್ಲು ಸವೆದ ರೀತಿ ನೋಡಿ ಆ ಮನುಷ್ಯ ಎಡಗಡೆ ಅಗಿಯುತ್ತಾನೋ ಬಲಗಡೆಯೋ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಾನೋ, ಹಲ್ಲಿನಿಂದ ದಾರ ತುಂಡು ಮಾಡುವ ಟೈಲರನೋ ಎಂದು ಊಹಿಸಲು ಕಲಿತಿದ್ದೆ. ಮದುವೆಯಾದ ಮೇಲೆ ಅಬುಧಾಬಿಗೆ ಬಂದು ಬನಿಯಾಸ್‌ನಲ್ಲಿ ಮನೆ ಮಾಡಿದೆವು. ಗಂಡನಿಗೆ ಆಸ್ಪತ್ರೆಯೊಂದರ ಸ್ಟೋರಿನಲ್ಲಿ ಕೆಲಸ. ನನಗೆ ಮುಸಫ್ಫಾದ ಒಂದು ವರ್ಕ್‌ಶಾಪಿನಲ್ಲಿ. ಪ್ರದರ್ಶನಗಳನ್ನು ಕಟ್ಟಿಕೊಡುವ ಕಂಪನಿ ಅದು; ನಾಜೂಕಾದ ಬೆಸುಗೆ ಗೊತ್ತಿರುವವರು ಅವರಿಗೆ ಬೇಕಾಗಿದ್ದರು.

ಆ ವರ್ಷ ಬಂದದ್ದು ಸಮುದ್ರಯಾನದ ಪ್ರದರ್ಶನ. ಈ ಕಡೆಯ ಹಾಯಿ ಹಡಗುಗಳು, ಮುತ್ತು ತೆಗೆಯುವವರ ಮೂಗಿನ ಕ್ಲಿಪ್ಪು, ಹಳೆಯ ನಕ್ಷೆಗಳು, ದಿಕ್ಸೂಚಿ. ಅವುಗಳ ನಡುವೆ ಒಂದು ಗಾಜಿನ ಪೆಟ್ಟಿಗೆ ಪೆಸಿಫಿಕ್ ಸಾಗರದ ಪಾಲಿನೇಷ್ಯ ದ್ವೀಪಗಳಿಗೆಂದು ಇತ್ತು. ಯುರೋಪಿನ ಹಡಗುಗಳು ಮೊದಲ ಸಲ ಆ ದ್ವೀಪಗಳಿಗೆ ಹೋದಾಗ ತಂದ ಐದು ಕಲ್ಲಿನ ಉಪಕರಣಗಳು, ಯುರೋಪಿನದೇ ಒಂದು ವಸ್ತುಸಂಗ್ರಹಾಲಯದಿಂದ ಎರವಲು ಬಂದವು. ನಾಲ್ಕು ಬರೀ ಕಲ್ಲು. ಐದನೆಯದಕ್ಕೆ ಮಾತ್ರ ಮರದ ಕಾವು, ಅಂದರೆ ಹಿಡಿಕೆ ಇತ್ತು, ಕಾವಿಗೆ ಕಲ್ಲನ್ನು ಬಿಗಿದ ಹುರಿಯೂ ಇತ್ತು.

ಮೌಂಟ್ ಹೇಗಿರಬೇಕೆಂದು ವಿನ್ಯಾಸಕರು ಬರೆದ, ನನ್ನ ಒಪ್ಪಿಗೆಯ ಸಹಿ ಬೀಳಬೇಕಾದ ನಕ್ಷೆಯಲ್ಲಿ ಆ ಐದನೆಯದನ್ನು ಕಾವು ಕೆಳಗೆ, ಕಲ್ಲು ಮೇಲೆ, ಯಾರನ್ನೋ ಕಡಿಯಲು ಎತ್ತಿದ ಹಾಗೆ ನಿಲ್ಲಿಸಿದ್ದರು. ಹಿಂದಿನಿಂದ ಕೆಂಪು ಬೆಳಕು. ಕೆಳಗೆ ಬರೆಯಬೇಕಾದ ಒಕ್ಕಣೆ ಹೀಗಿತ್ತು: 'ಆದಿಮ ಕೊಡಲಿ, ದಕ್ಷಿಣ ಸಮುದ್ರ'. ಅದರ ಕೆಳಗೆ ಕಪ್ತಾನನ ಹೆಸರು, ಹಡಗಿನ ಹೆಸರು.

ಕ್ರೇಟು ತೆರೆದದ್ದು ಒಂದು ಬೆಳಿಗ್ಗೆ. ಪೆಟ್ಟಿಗೆಯ ಜೊತೆಗೇ ವಿಮಾನದಲ್ಲಿ ಆ ಸಂಗ್ರಹಾಲಯದ, ಹಳೆಯ ವಸ್ತುಗಳು ಕೆಡದಂತೆ ನೋಡಿಕೊಳ್ಳುವ ಸಂರಕ್ಷಕಿಯೊಬ್ಬರು ಬಂದಿದ್ದರು. ಐವತ್ತು ದಾಟಿದ, ಕನ್ನಡಕವನ್ನು ತಲೆಯ ಮೇಲೆ ಏರಿಸಿಕೊಂಡು ಮತ್ತೆ ಹುಡುಕುವ ಹೆಂಗಸು. ಅವರು ಕಾಗದದ ಪದರಗಳನ್ನು ಒಂದೊಂದಾಗಿ ಬಿಡಿಸಿದರು. ನಮ್ಮ ತಂಡದ ಮೇಸ್ತ್ರಿ, ಮಂಗಳೂರು ಕಡೆಯ ಕೊಂಕಣಿ ಮಾತಾಡುವವರು, ಟ್ರೇ ಹಿಡಿದು ನಿಂತಿದ್ದರು. ನಾನು ಕೈಗವಸು ಹಾಕಿಕೊಂಡು ಬಗ್ಗಿ ನೋಡಿದೆ.

ಮೊದಲು ಕಂಡದ್ದು ಹುರಿ. ತೆಂಗಿನ ನಾರಿನ ಹುರಿ. ಸುತ್ತಿನ ಮೇಲೆ ಸುತ್ತು, ಒಂದರ ಹೆಗಲ ಮೇಲೆ ಇನ್ನೊಂದು, ಎಲ್ಲೂ ಗಂಟು ಕಾಣದ ಹಾಗೆ. ಆಮೇಲೆ ಕಲ್ಲಿನ ಬಾಯಿ ಕಂಡಿತು. ಎರಡೂ ಬದಿಯಿಂದ ಮಸೆದು ಹರಿತ ಮಾಡಿದ್ದಾಗಿರಲಿಲ್ಲ. ಒಂದೇ ಬದಿಯ ಇಳಿಜಾರು. ಇನ್ನೊಂದು ಬದಿ ಹೆಚ್ಚುಕಡಿಮೆ ಸಪಾಟು. ಬಾಯಿ ಕಾವಿಗೆ ಅಡ್ಡಲಾಗಿ ಕೂತಿತ್ತು, ಗುದ್ದಲಿಯ ಹಾಗೆ.

"ಇದು ಕೊಡಲಿಯಲ್ಲ" ಎಂದು ನಾನು ಕನ್ನಡದಲ್ಲೇ ಹೇಳಿಬಿಟ್ಟೆ.

"ಎಂತ ಅಕ್ಕ?" ಮೇಸ್ತ್ರಿ ಕೇಳಿದರು.

"ಇದು ಬಾಚಿ."

ನನ್ನ ಅಪ್ಪಯ್ಯ ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಆಚಾರಿ. ಈಗ ಅಣ್ಣನೇ ಶೆಡ್ಡು ನಡೆಸುತ್ತಾನೆ, ಫೈಬರ್ ದೋಣಿಗಳ ರಿಪೇರಿ ಹೆಚ್ಚು. ಆದರೆ ನಾನು ಚಿಕ್ಕವಳಿದ್ದಾಗ ಅಪ್ಪಯ್ಯ ಮರದ ದಿಮ್ಮಿಯ ಮೇಲೆ ಕಾಲಗಲಿಸಿ ನಿಂತು, ಎರಡೂ ಪಾದಗಳ ನಡುವೆ ಬಾಚಿ ಬೀಸುತ್ತಿದ್ದರು. ಏಟು ತನ್ನ ಕಡೆಗೇ ಬರುತ್ತದೆ. ಕೊಡಲಿ ಮರವನ್ನು ಕಡಿಯುತ್ತದೆ. ಬಾಚಿ ಮರವನ್ನು ಕೆತ್ತಿ ಕೆತ್ತಿ ದೋಣಿ ಮಾಡುತ್ತದೆ. ಒಂದೊಂದು ಏಟಿಗೆ ಒಂದೊಂದು ಚಕ್ಕೆ, ಹಪ್ಪಳದಷ್ಟು ತೆಳ್ಳಗೆ. ಆ ಬಾಚಿಯನ್ನು ಮುಟ್ಟಲು ಅಣ್ಣನಿಗೆ ಅನುಮತಿ ಇತ್ತು, ನನಗಿರಲಿಲ್ಲ. ಹತ್ತು ವರ್ಷದವಳಿದ್ದಾಗ ಒಮ್ಮೆ ಕದ್ದು ತೆಗೆದು ತೆಂಗಿನ ಮಡಲಿನ ಮೇಲೆ ಬೀಸಿದೆ. ಅದು ಜಾರಿ ಕೆಳಗಿನ ಕಲ್ಲಿಗೆ ಬಡಿದು ಬಾಯಿ ಮುರಿಯಿತು. ಅಪ್ಪಯ್ಯ ಹೊಡೆಯಲಿಲ್ಲ. "ಇದ್ ಹೆಣ್ಮಕ್ಕಳ ಕೆಲ್ಸ ಅಲ್ಲ" ಎಂದು ಒಂದೇ ಮಾತು ಹೇಳಿ, ಮಧ್ಯಾಹ್ನವಿಡೀ ಕೂತು ಮಸೆದರು. ಹೊಡೆದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಫೋಟೋ ತೆಗೆಯುವಂತಿರಲಿಲ್ಲ, ಎರವಲಿನ ಕರಾರು ಹಾಗಿತ್ತು. ಆದರೆ ಮೌಂಟ್ ಮಾಡುವವರು ಅಳತೆಗೆಂದು ರಟ್ಟಿನಲ್ಲಿ ಆಕಾರ ಕತ್ತರಿಸಿಕೊಳ್ಳುತ್ತಾರೆ. ವಾರದ ರಜೆಯ ಶುಕ್ರವಾರ ಮಧ್ಯಾಹ್ನ ಮನೆಯಿಂದ ವಿಡಿಯೋ ಕಾಲ್ ಮಾಡಿ ಆ ರಟ್ಟನ್ನು ಅಪ್ಪಯ್ಯನಿಗೆ ತೋರಿಸಿದೆ. ಹಿಂದೆ ಅಣ್ಣನ ಮಕ್ಕಳ ಗಲಾಟೆ. ಅಪ್ಪಯ್ಯ ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಿದ್ದರು.

"ಬಾಯಿ ಎರಡೂ ಬದಿ ಮಸ್ದಿರಾ, ಒಂದೇ ಬದಿಯಾ?"

"ಒಂದೇ ಬದಿ ಅಪ್ಪಯ್ಯ."

"ಹಾಂಗಾರೆ ಅದ್ ಬಾಚಿಯೇ. ಕೊಡ್ಲಿ ಅಂದವ್ರ್ ಯಾರ್?"

"ಇಲ್ಲಿಯವರು. ನಕ್ಷೆ ಮಾಡಿದವರು."

"ಅವ್ರ್ ಮರ ಮುಟ್ಟಿದವ್ರಲ್ಲ ಬಿಡು. ಬಾಯಿ ಹ್ಯಾಂಗ್ ಸವ್ದಿತ್? ಒಂದೇ ಸಮ ಇತ್ತಾ?"

ಅದನ್ನು ನಾನು ನೋಡಿಕೊಂಡಿದ್ದೆ. ಹಲ್ಲು ನೋಡಿದ ಕಣ್ಣಲ್ಲವೇ. ಎರಡೂ ಮೂಲೆಗಳು ಉರುಟಾಗಿದ್ದವು, ಎಡಗಡೆಯದು ಇನ್ನೂ ಹೆಚ್ಚು. ಬಾಯಿಯ ಅಂಚಿನಿಂದ ಒಳಗೆ ಒಂದು ಬೆರಳಿನಷ್ಟು ಅಗಲಕ್ಕೆ ಎಣ್ಣೆ ಹಚ್ಚಿದಂಥ ಹೊಳಪು. ಕಲ್ಲು ಉಳಿದ ನಾಲ್ಕಕ್ಕಿಂತ ಗಿಡ್ಡ.

"ಗಿಡ್ಡ ಆದ್ದ್ ಮಸ್ದ್ ಮಸ್ದ್" ಎಂದರು ಅಪ್ಪಯ್ಯ. "ಸುಮಾರ್ ದೋಣಿ ಕಂಡಿತ್ ಅದ್. ದೋಣಿ ಹೊಟ್ಟೆಯೊಳ್ಗೆ ಕೆತ್ತಿರೆ ಮೂಲೆ ಹಾಂಗೇ ಹೋಪುದ್. ಇಲ್ದಿರೆ ಅವ ಎಡಚ. ಆ ಆಚಾರಿ ಹೆಸ್ರೆಂತ?"

"ಗೊತ್ತಿಲ್ಲೆ ಅಪ್ಪಯ್ಯ. ಯಾರೂ ಬರ್ದಿಟ್ಕಣ್ಲಿಲ್ಲ."

"ತಕಂಡ್ ಹೋದವನ ಹೆಸ್ರ್?"

"ಅದು ಉಂಟು. ದೊಡ್ಡ ಅಕ್ಷರದಲ್ಲಿ."

ಅವರು ಫೋನನ್ನು ಮೂಗಿನಿಂದ ದೂರ ಸರಿಸಿದರು. ಬೇಜಾರಾಯಿತು ಎಂದುಕೊಂಡೆ. ಅಷ್ಟರಲ್ಲಿ ಕೇಳಿದರು, "ಬಾಚಿ ಕೊಟ್ಟ್ ಅವ ಎಂತ ತಕಂಡ?"

ಅದನ್ನು ನಾನು ಸಂರಕ್ಷಕಿಯಿಂದ ಕೇಳಿ ತಿಳಿದಿದ್ದೆ. "ಕಬ್ಬಿಣದ ಮೊಳೆ. ಹಡಗಿನವರು ಮೊಳೆ ಕೊಡ್ತಿದ್ರಂತೆ. ಆ ದ್ವೀಪಗಳಲ್ಲಿ ಕಬ್ಬಿಣ ಇರಲಿಲ್ಲ."

ಅಪ್ಪಯ್ಯ ಜೋರಾಗಿ ನಕ್ಕರು. "ಹುಷಾರ್ ಮನ್ಷ ಮಾರಾಯ್ತಿ! ನಾನಾರೂ ಕೊಡ್ತಿದ್ದೆ. ಕಬ್ಣ ಸಿಕ್ಕಿರೆ ಯಾವ ಆಚಾರಿ ಕಲ್ಲ್ ಹಿಡ್ಕಂಡ್ ಕೂತ್ಕಂತ? ಅವ ಹೆಡ್ಡ ಅಲ್ಲ ಅಂತ ಬರೆಯೂಕೆ ಹೇಳು."

ಹೀಗೆ ಹೇಳುತ್ತಾರೆಂದು ನಾನು ನಿರೀಕ್ಷಿಸಿರಲಿಲ್ಲ. ಆ ತನಕ ನನ್ನ ಮನಸ್ಸಿನಲ್ಲಿದ್ದದ್ದು, ಯಾರೋ ಬಡಪಾಯಿಯ ಕೈಯಿಂದ ಕಸಿದು ತಂದ ವಸ್ತು ಎಂಬ ಮರುಕ. ಅಪ್ಪಯ್ಯ ಆ ಮರುಕವನ್ನು ಒಂದೇ ಏಟಿಗೆ ಕೆತ್ತಿ ಹಾಕಿದರು. ಅವರಿಗೆ ಅಲ್ಲಿ ಕಂಡದ್ದು ತಮ್ಮಂಥ ಕಸುಬುದಾರ. ಒಳ್ಳೆಯ ಸಾಮಾನು ಕಂಡಾಗ ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಂಡವನು, ಲೆಕ್ಕ ಬಲ್ಲವನು. ಅಂಥವನನ್ನು ಕೆಂಪು ಬೆಳಕಿನಲ್ಲಿ, ಎತ್ತಿದ ಕೊಡಲಿಯ ಕೆಳಗೆ ಕಾಡುಮನುಷ್ಯ ಮಾಡಿ ನಿಲ್ಲಿಸಲು ನನ್ನ ಕೈಯಿಂದ ಹಿತ್ತಾಳೆ ಬಗ್ಗಿಸಬೇಕಾಗಿತ್ತು.

ಭಾನುವಾರ ಮ್ಯಾನೇಜರನ ಕೋಣೆಗೆ ಹೋದೆ. ಯುರೋಪಿನವನು, ಗಲ್ಫಿಗೆ ಬಂದು ಇಪ್ಪತ್ತು ವರ್ಷ ದಾಟಿತ್ತು. ಕೆಟ್ಟವನೇನಲ್ಲ, ಮಗಳು ಹುಟ್ಟಿದಾಗ ನನ್ನ ಹೆರಿಗೆ ರಜೆಯಲ್ಲಿ ಒಂದು ದಿನವೂ ಕಡಿತ ಮಾಡಿದವನಲ್ಲ. ನಕ್ಷೆಯ ಪ್ರಕಾರ ನಿಲ್ಲಿಸಿದರೆ ಕಲ್ಲಿನ ಭಾರವೆಲ್ಲ ಆ ಹಳೆಯ ಹುರಿಯ ಮೇಲೆ ಬೀಳುತ್ತದೆ ಎಂದಷ್ಟೇ ಹೇಳಿದ್ದರೆ ಗಲಾಟೆಯಿಲ್ಲದೆ ಮುಗಿಯುತ್ತಿತ್ತು. ಆ ಮಾತು ನಿಜವೂ ಆಗಿತ್ತು. ಆದರೆ ಅದರ ಹಿಂದೆ ಅಡಗಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

"ಇದು ಆಯುಧ ಅಲ್ಲ" ಎಂದೆ. "ಆಚಾರಿಯ ಉಪಕರಣ. ಕೆಲಸ ಮಾಡುವಾಗ ಇದರ ಬಾಯಿ ಕೆಳಗೆ ಇರುತ್ತದೆ. ಹಾಗೆಯೇ ಇಡಬೇಕು. ಕೊಡಲಿ ಎಂದು ಬರೆಯಬಾರದು, ಆದಿಮ ಎಂದೂ ಬರೆಯಬಾರದು."

"ಒಕ್ಕಣೆ ನಿಮ್ಮ ವಿಭಾಗ ಅಲ್ಲ."

"ಮೌಂಟ್ ನನ್ನ ವಿಭಾಗ. ಇದಕ್ಕೆ ನಾನು ಸಹಿ ಹಾಕುವುದಿಲ್ಲ."

ಆಗಲೇ ಅವನು ನಕ್ಕದ್ದು. ಆಮೇಲೆ ಹೇಳಿದ, "ನಿಮ್ಮ ಕೆಲಸ ಹಿತ್ತಾಳೆ ಬಗ್ಗಿಸುವುದು. ವಿನ್ಯಾಸ ಮಾಡಿದವರು ಓದಿದವರು."

"ಅವರು ಬಾಚಿ ಹಿಡಿದಿದ್ದಾರಾ?"

"ನೀವು ಹಿಡಿದಿದ್ದೀರಾ?"

"ಹಿಡಿದಿದ್ದೇನೆ" ಎಂದೆ. ಒಂದೇ ಸಲ, ಅದೂ ಬಾಯಿ ಮುರಿಯುವ ಹಾಗೆ ಎಂದು ಹೇಳಲಿಲ್ಲ.

ಮೇಸ್ತ್ರಿ ನನ್ನನ್ನು ಹೊರಗೆ ಕರೆದು ಹೇಳಿದರು, "ಅಕ್ಕ, ಸೈನ್ ಹಾಕಿ ಖಲಾಸ್ ಮಾಡಿ. ಕಲ್ಲು ಮೇಲೆ ನಿಂತ್ರೆಂತ, ಕೆಳಗೆ ನಿಂತ್ರೆಂತ? ಮೂರು ತಿಂಗಳಲ್ಲಿ ಪ್ಯಾಕ್ ಮಾಡಿ ಕಳ್ಸೋದೇ ಅಲ್ವಾ?"

"ಮೂರು ತಿಂಗಳು ಮಕ್ಕಳು ಬಂದು ನೋಡ್ತಾರೆ" ಎಂದೆ. ಆಮೇಲೆ ನನ್ನ ಬದಲು ಮೌಂಟ್ ಮಾಡಲು ಮ್ಯಾನೇಜರ್ ಕೇಳಿದಾಗ ಮೇಸ್ತ್ರಿಯೂ ಆಗುವುದಿಲ್ಲ ಎಂದರಂತೆ: ಸಣ್ಣ ಬೆಸುಗೆ ತನಗೆ ಬರುವುದಿಲ್ಲವೆಂದು. ಬರುತ್ತದೆ. ನಾನೇ ಕಲಿಸಿದ್ದೆ.

ಮನೆಯಲ್ಲಿ ಗಂಡ ತಟ್ಟೆಯಿಂದ ಕಣ್ಣೆತ್ತದೆ ಕೇಳಿದರು, "ನಿಂಗೆ ಎಂತ ಹಠ ಮಾರಾಯ್ತಿ? ವೀಸಾ ಅವರ ಕೈಯಲ್ಲಿ ಉಂಟು. ಯಾವುದೋ ದ್ವೀಪದ ಯಾವುದೋ ಕಲ್ಲು."

"ನಿಮ್ಮ ಸ್ಟೋರಿನಲ್ಲಿ ಒಂದು ಮದ್ದಿನ ಡಬ್ಬಿಗೆ ಬೇರೆ ಮದ್ದಿನ ಹೆಸರು ಅಂಟಿಸು ಅಂದ್ರೆ ಅಂಟಿಸ್ತೀರಾ?"

"ಅದು ಬೇರೆ."

"ಎಂತ ಬೇರೆ?"

ಹನ್ನೆರಡು ವರ್ಷದ ಮಗಳು ಇಂಗ್ಲಿಷಿನಲ್ಲೇ ಹೇಳಿದಳು, "ಅಮ್ಮಾ, ಜಸ್ಟ್ ಸೈನ್ ಇಟ್. ನೋಬಡಿ ರೀಡ್ಸ್ ಲೇಬಲ್ಸ್."

"ಹಾಗಾದರೆ ಸರಿಯಾದದ್ದನ್ನೇ ಬರೆಯಲಿ" ಎಂದೆ. ಗಂಡ ಎದ್ದು ಕೈ ತೊಳೆಯಲು ಹೋದರು. ಆ ವಾರವಿಡೀ ನಮ್ಮ ನಡುವೆ ಬೇಕಾದಷ್ಟೇ ಮಾತು. ಅವರಿಗೆ ಭಯವಾಗಿತ್ತು, ನನಗೂ ಆಗಿತ್ತು. ಇಲ್ಲಿ ಕೆಲಸ ಹೋದರೆ ವೀಸಾದ ದಿನಗಳು ಓಡಲು ಶುರುವಾಗುತ್ತವೆ ಎಂಬುದು ಇಲ್ಲಿರುವ ಎಲ್ಲರಿಗೂ ಗೊತ್ತು. ಭಯ ಇತ್ತು, ಆದರೆ ಸಹಿ ಹಾಕುವ ಮನಸ್ಸು ಬರಲಿಲ್ಲ.

ಮಂಗಳವಾರ ಮ್ಯಾನೇಜರ್ ಸಂರಕ್ಷಕಿಯನ್ನೇ ಕರೆದ. ದೊಡ್ಡವರ ಬಾಯಿಂದ ಹೇಳಿಸಿ ನನ್ನನ್ನು ಸುಮ್ಮನಾಗಿಸುವ ಲೆಕ್ಕಾಚಾರ. ಅವರು ನಕ್ಷೆಯನ್ನು ನೋಡಿದ್ದೇ ಆಗ. ಕನ್ನಡಕ ತಲೆಯಿಂದ ಇಳಿಸಿ ಎರಡು ಸಲ ನೋಡಿದರು. ನಂತರ ನನ್ನ ಕಡೆ ತಿರುಗಿ, "ನೀವು ಹೇಗೆ ಇಡಬೇಕೆನ್ನುತ್ತೀರಿ, ತೋರಿಸಿ" ಎಂದರು.

ವರ್ಕ್‌ಶಾಪಿನ ನೆಲದ ಮೇಲೆ ಒಂದು ಪ್ಯಾಕಿಂಗ್ ಹಲಗೆ ಬಿದ್ದಿತ್ತು. ಚೂಡಿದಾರದ ದುಪಟ್ಟಾ ಸೊಂಟಕ್ಕೆ ಬಿಗಿದು ಅದರ ಮೇಲೆ ಕಾಲಗಲಿಸಿ ನಿಂತೆ. ರಟ್ಟಿನ ಆಕಾರವನ್ನು ಎರಡೂ ಕೈಯಲ್ಲಿ ಹಿಡಿದು ಪಾದಗಳ ನಡುವೆ ಬೀಸಿದೆ. ಅಪ್ಪಯ್ಯ ಬೀಸುವುದನ್ನು ಎಷ್ಟು ಸಲ ನೋಡಿದ್ದೆನೋ, ಮೈಗೆ ಅದು ತಾನಾಗಿ ಬಂತು. ಮಣಿಕಟ್ಟು ಕೊನೆಯಲ್ಲಿ ಸ್ವಲ್ಪ ತಿರುಗುತ್ತದೆ, ಚಕ್ಕೆ ಏಳಬೇಕಲ್ಲ. ಸುತ್ತ ಹತ್ತು ಹನ್ನೆರಡು ಜನ ಗಂಡಸರು, ಬಡಗಿಗಳು, ಪೇಂಟರುಗಳು, ಕೆಲಸ ಬಿಟ್ಟು ನೋಡುತ್ತಿದ್ದರು. ಒಬ್ಬ ಹಿರಿಯ ಗುಜರಾತಿ ಬಡಗಿ ಹಿಂದಿಯಲ್ಲಿ, "ಸರಿಯಾಗಿ ಬೀಸುತ್ತಾಳೆ" ಎಂದ. ನಾಚಿಕೆ ಆಗಬೇಕಿತ್ತು. ಆಗಲಿಲ್ಲ.

ಸಂರಕ್ಷಕಿ ಒಂದು ಸಣ್ಣ ಟಾರ್ಚು ತೆಗೆದು, ನಮ್ಮೆಲ್ಲರನ್ನೂ ಮೇಜಿನ ಬಳಿ ಕರೆದು, ಕಲ್ಲಿನ ಬಾಯಿಗೆ ಓರೆಯಾಗಿ ಬೆಳಕು ಬಿಟ್ಟರು. ಸಣ್ಣ ಸಣ್ಣ ಗೀರುಗಳು ಎದ್ದು ಕಂಡವು, ಎಲ್ಲವೂ ಒಂದೇ ದಿಕ್ಕಿಗೆ. "ಇವರು ಹೇಳುವುದು ಸರಿ" ಎಂದರು. "ನಮ್ಮ ಪಟ್ಟಿಯಲ್ಲೂ ಇದು ಬಾಚಿಯೇ. ನಿಮ್ಮ ವಿನ್ಯಾಸಕರು ಚಿತ್ರ ನೋಡಿ ಅಂದಾಜು ಮಾಡಿದ್ದಾರೆ."

ಅವರು ಹೇಳಿದ ಇನ್ನೊಂದು ಮಾತನ್ನು ನಾನು ಎಂದೂ ಮರೆತಿಲ್ಲ. ಮೊದಲ ಹಡಗುಗಳು ತಂದ ಕಲ್ಲುಗಳಿಗೆ ಯಾಕೆ ಬೆಲೆ ಎಂದು ನಮ್ಮ ಪೇಂಟರನೊಬ್ಬ ಕೇಳಿದ್ದಕ್ಕೆ ಕೊಟ್ಟ ಉತ್ತರ ಅದು. ಹಡಗುಗಳು ಕಬ್ಬಿಣ ತಂದ ಮೇಲೆ ಕಲ್ಲಿನ ಬಾಚಿ ಬೇಗ ಮೂಲೆ ಸೇರಿತು. ಆದರೆ ನಾವಿಕರು ಕಲ್ಲಿನದೇ ಬೇಕೆಂದು ಕೇಳುತ್ತಲೇ ಇದ್ದರು. ಹಾಗಾಗಿ ಆಮೇಲೆ ಮಾರುವುದಕ್ಕೆಂದೇ ಮಾಡಿದವು ಬಂದವು: ಹುರಿ ಅಂದವಾಗಿ ಸುತ್ತಿದ್ದರೂ ಒಂದು ಏಟು ತಾಳದವು, ಮರವನ್ನೇ ಮುಟ್ಟದವು. ಈ ಮೊದಲಿನವು ಹಾಗಲ್ಲ. ಇವು ಒಬ್ಬರ ಕೈಯಲ್ಲಿ ದುಡಿಯುತ್ತಿದ್ದಾಗಲೇ ಬಂದವು. ಕಲ್ಲನ್ನು ಪರೀಕ್ಷಿಸಿದರೆ ಅದು ಯಾವ ದ್ವೀಪದ ಬಂಡೆಯದೆಂದು ಹೇಳಬಹುದು. ಕಲ್ಲು ಒಂದು ದ್ವೀಪದ್ದು, ಸಿಕ್ಕಿದ್ದು ಇನ್ನೊಂದರಲ್ಲಿ ಎಂದಾದರೆ, ನಡುವಿನ ಅಷ್ಟೂ ಸಮುದ್ರವನ್ನು ಜನ ದೋಣಿಯಲ್ಲಿ ದಾಟುತ್ತಿದ್ದರು ಎಂದು ಅರ್ಥ. ಯುರೋಪಿನ ಹಡಗು ಬರುವ ಎಷ್ಟೋ ಮೊದಲು.

"ಮತ್ತೆ ಆದಿಮ ಅಂದರೆ ಯಾರು?" ಎಂದೆ. ಮ್ಯಾನೇಜರ್ ನಕ್ಷೆಯನ್ನು ಸುತ್ತಿ ಎತ್ತಿಕೊಂಡ.

ಬಾಚಿ ನಿಲ್ಲುವ ಭಂಗಿ ಬದಲಾಯಿತು. ಕೆಂಪು ಬೆಳಕು ಹೋಯಿತು. ಬಾಯಿ ಕೆಳಗೆ, ಕಾವು ಓರೆ, ಕಾಣದ ದಿಮ್ಮಿಗೆ ಇನ್ನೇನು ತಾಗಬೇಕು ಎಂಬ ಹಾಗೆ ನಾನು ಮೌಂಟ್ ಮಾಡಿದೆ. ಹುರಿಗೆ ಎಲ್ಲೂ ಭಾರ ಬೀಳದಂತೆ ಮೂರು ಕಡೆ ಹಿಡಿದೆ. ಒಕ್ಕಣೆಯಲ್ಲಿ ಕೊಡಲಿ ಹೋಗಿ ಬಾಚಿ ಬಂತು. ಅಲ್ಲಿಗೆ ಸುಮ್ಮನಿರಬಹುದಿತ್ತು. ನಾನು ಇನ್ನೂ ಒಂದು ಸಾಲು ಕೇಳಿದೆ: ಕಪ್ತಾನನ ಹೆಸರಿನ ಕೆಳಗೆ, ಮಾಡಿದವನ ಹೆಸರು ಗೊತ್ತಿಲ್ಲ ಎಂದು.

"ಗೊತ್ತಿಲ್ಲದ್ದನ್ನು ಯಾರಾದರೂ ಬರೆಯುತ್ತಾರಾ?" ಎಂದ ಮ್ಯಾನೇಜರ್.

"ಬರೆಯದಿದ್ದರೆ ಕಪ್ತಾನನೇ ಮಾಡಿದ ಹಾಗೆ ಕಾಣುತ್ತದೆ."

"ಸಾಕು" ಎಂದ. ಆ ಸಲ ಅವನು ನಿಜವಾಗಿಯೂ ಸಿಟ್ಟಾಗಿದ್ದ. ನಾನು ಕೊನೆಯ ಒಪ್ಪಿಗೆ ಹಾಳೆಯನ್ನು ಅವನ ಮೇಜಿನ ಮೇಲೆ ಸಹಿಯಿಲ್ಲದೆ ಇಟ್ಟು ಬಂದೆ. ಎರಡು ದಿನ ಅದು ಹಾಗೇ ಬಿದ್ದಿತ್ತು. ಸಂರಕ್ಷಕಿ ತಮ್ಮ ಸಂಗ್ರಹಾಲಯಕ್ಕೆ ಬರೆದರು. ಅಲ್ಲಿಂದ ಒಪ್ಪಿಗೆ ಬಂತು. ಇಂಗ್ಲಿಷಿನಲ್ಲಿ ಒಂದು ಸಣ್ಣ ಸಾಲು ಸೇರಿತು: 'ಮಾಡಿದವರ ಹೆಸರು ದಾಖಲಾಗಿಲ್ಲ'.

ಅರಬಿಗೆ ಅನುವಾದ ಮಾಡುವವರು ಸುಡಾನಿನ ಒಬ್ಬ ಹಿರಿಯರು. ನಮ್ಮ ವರ್ಕ್‌ಶಾಪಿಗೆ ಬಂದು ಅಕ್ಷರಗಳ ಅಳತೆ ನೋಡುತ್ತಿದ್ದರು. ಗಲಾಟೆ ಅವರ ಕಿವಿಗೂ ಬಿದ್ದಿತ್ತು. ನನ್ನ ಪಕ್ಕ ನಿಂತು ಕೇಳಿದರು, "ದಾಖಲಾಗಿಲ್ಲ ಅಂದರೆ? ದಾಖಲೆ ತಾನಾಗಿ ಆಗುತ್ತದಾ? ಯಾರಾದರೂ ಕೇಳಬೇಕಲ್ಲ, ತಂಗಿ."

"ಯಾರೂ ಕೇಳಲಿಲ್ಲ" ಎಂದೆ.

"ಹಾಗಿದ್ದರೆ ಹಾಗೇ ಬರೆಯುತ್ತೇನೆ."

ಗಾಜಿನ ಮೇಲೆ ಅರಬಿಯಲ್ಲಿ ಬಂದ ಸಾಲು, 'ಇದನ್ನು ಮಾಡಿದವನ ಹೆಸರನ್ನು ಯಾರೂ ಕೇಳಲಿಲ್ಲ'. ಮ್ಯಾನೇಜರನಿಗೆ ಅರಬಿ ಓದಲು ಬರುತ್ತಿರಲಿಲ್ಲ. ನಾನು ಸಹಿ ಹಾಕಿದೆ.

ಇದಕ್ಕೆ ಏನೂ ಬೆಲೆ ತೆರಲಿಲ್ಲ ಎಂದರೆ ಸುಳ್ಳಾದೀತು. ಉದ್ಘಾಟನೆಗೆ ತಂಡದ ಎಲ್ಲರಿಗೂ ಪಾಸು ಬಂತು, ನನಗೆ ಬರಲಿಲ್ಲ. ಮುಂದಿನ ತಿಂಗಳಿಂದ ನನ್ನನ್ನು ಮ್ಯೂಸಿಯಂ ಕೆಲಸದಿಂದ ತೆಗೆದು ದುಬೈಯ ಮಾಲುಗಳ ವಿಭಾಗಕ್ಕೆ ಹಾಕಿದರು. ಅತ್ತರಿನ ಬಾಟಲಿ, ಕೈಗಡಿಯಾರ, ಚರ್ಮದ ಚೀಲ ಇವು ಗಾಳಿಯಲ್ಲಿ ತೇಲಬೇಕು. ಬೆಳಿಗ್ಗೆ ಬನಿಯಾಸ್‌ನಿಂದ ಕಂಪನಿ ಬಸ್ಸು, ಹೋಗಿ ಬರುವುದರಲ್ಲೇ ದಿನ ಸವೆಯುತ್ತಿತ್ತು. "ಕ್ಷಮೆ ಕೇಳಿದ್ರೆ ವಾಪಸ್ ತಕ್ಕೊಳ್ತಾರೆ, ಮ್ಯಾನೇಜರ್ ಮನಸ್ಸಿನಲ್ಲಿ ಏನಿಲ್ಲ" ಎಂದು ಮೇಸ್ತ್ರಿ ಫೋನ್ ಮಾಡಿ ಹೇಳಿದರು. "ಯಾವುದಕ್ಕೆ ಕ್ಷಮೆ?" ಎಂದು ಕೇಳಿದೆ.

ಒಂದು ಶನಿವಾರ ಟಿಕೆಟ್ ತೆಗೆದು ಮಗಳ ಜೊತೆ ಆ ಪ್ರದರ್ಶನಕ್ಕೆ ಹೋದೆ. ಬಾಚಿಯ ಗಾಜಿನ ಮುಂದೆ ಒಬ್ಬ ಗಂಡಸು ಆಗಲೇ ನಿಂತಿದ್ದ. ಗೋಡೆಯಂಥ ಮೈ, ಶಾಲೆಯ ಹೆಸರಿದ್ದ ಟೀಶರ್ಟು. ನಾವು ಇಡೀ ಕೋಣೆ ಸುತ್ತಿ ಬಂದಾಗಲೂ ಅಲ್ಲೇ ಇದ್ದ. ನನ್ನ ಮಗಳು, ಲೇಬಲ್ ಯಾರೂ ಓದುವುದಿಲ್ಲ ಎಂದವಳು, ಅವನಿಗೆ ಹೇಳಿಬಿಟ್ಟಳು, "ಅದನ್ನು ನಿಲ್ಲಿಸಿದ್ದು ನನ್ನ ಅಮ್ಮ."

ಅವನು ತಿರುಗಿ ನನ್ನನ್ನು ನೋಡಿದ. ಆ ದ್ವೀಪಗಳವನು, ದುಬೈಯ ಶಾಲೆಯೊಂದರಲ್ಲಿ ರಗ್ಬಿ ಆಟದ ಮೇಷ್ಟ್ರು. ನಾನು ಒಂದು ಮೆಚ್ಚುಗೆಯ ಮಾತಿಗಾಗಿ ಕಾಯುತ್ತಿದ್ದೆ, ಒಪ್ಪಿಕೊಳ್ಳುತ್ತೇನೆ. ಅವನು ಕೇಳಿದ್ದು, "ಎಷ್ಟು ಭಾರ ಇದೆ?"

"ತುಂಬಿದ ನೀರಿನ ಬಾಟಲಿಗಿಂತ ಸ್ವಲ್ಪ ಹೆಚ್ಚು. ಭಾರವೆಲ್ಲ ಮುಂದಕ್ಕಿದೆ."

ಅವನು ಅಂಗೈ ತೆರೆದು ಮುಚ್ಚಿದ. "ನನ್ನ ಅಜ್ಜನ ಅಜ್ಜನೂ ದೋಣಿ ಕಟ್ಟುತ್ತಿದ್ದ ಅಂತ ಮನೆಯಲ್ಲಿ ಹೇಳುತ್ತಾರೆ. ಇದು ಮುಗಿದ ಮೇಲೆ ಎಲ್ಲಿಗೆ ಹೋಗುತ್ತದೆ?"

"ವಾಪಸ್ ಯುರೋಪಿಗೆ."

"ಪೆಟ್ಟಿಗೆಗೆ ಹಾಕುವವರೂ ನೀವೇನಾ?"

ಅವನ ದನಿ ಏರಿರಲಿಲ್ಲ. ಆದರೂ ನನಗೆ ಮುಖಕ್ಕೆ ಹೊಡೆದಂತಾಯಿತು. ಅದು ಹೇಗೆ ನಿಲ್ಲಬೇಕು ಎಂದು ನಾನು ಹಠ ಹಿಡಿದಿದ್ದೆ. ಅದು ಇಲ್ಲಿ ಯಾಕೆ ನಿಂತಿದೆ ಎಂದು ಅವನು ಕೇಳುತ್ತಿದ್ದ. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಚಿಕ್ಕಂದಿನಿಂದ ಕೇಳಿದ್ದೆ. ನಾನೂ ಯಾರದೋ ಕೈಯಲ್ಲಿರುವ ಕಾವೇ ಅಲ್ಲವೇ ಎನ್ನಿಸಿತು.

"ಕೊಟ್ಟವನು ಮೊಳೆ ತಗೊಂಡಿದ್ದಾನೆ" ಎಂದೆ, ಅಪ್ಪಯ್ಯನ ಮಾತು ನೆನೆದು.

"ಇರಬಹುದು. ಒಂದು ಬಾಚಿ ಕೊಟ್ಟಿರಬಹುದು. ಎಲ್ಲವನ್ನೂ ಕೊಟ್ಟನಾ?"

ನನಗೆ ಗೊತ್ತಿದ್ದ ಸಂಗತಿ ಒಂದಿತ್ತು. ಅದೇ ಹಡಗಿನಲ್ಲಿ ಬಂದ ಇನ್ನೂ ಎಷ್ಟೋ ಕಲ್ಲುಗಳು, ಯಾವ ದ್ವೀಪದವೆಂದು ಬರೆಯದವು, ತಮ್ಮ ಉಗ್ರಾಣದ ಡ್ರಾಯರುಗಳಲ್ಲಿವೆ ಎಂದು ಸಂರಕ್ಷಕಿ ಮಾತಿನ ನಡುವೆ ಹೇಳಿದ್ದರು. ಹೊರಗಿನವರಿಗೆ ಹೇಳುವ ಮಾತಲ್ಲ ಅದು ಎಂದು ನನ್ನ ನೌಕರಿಯ ಕರಾರು ಹೇಳುತ್ತಿತ್ತು. ನಾನು ಹೇಳಿದೆ. ಮಗಳ ಪೆನ್ನು ತೆಗೆದುಕೊಂಡು ಟಿಕೆಟ್ಟಿನ ಹಿಂದೆ ಆ ಐದು ಕಲ್ಲುಗಳಿಗೆ ಸಂಗ್ರಹಾಲಯ ಕೊಟ್ಟಿದ್ದ ದಾಖಲೆ ಸಂಖ್ಯೆಗಳನ್ನು ಬರೆದೆ. ಬೆಸುಗೆ ಹಾಕುವಾಗ ದಿನಕ್ಕೆ ನೂರು ಸಲ ನೋಡಿದ ಸಂಖ್ಯೆಗಳು, ಬಾಯಿಪಾಠ ಆಗಿದ್ದವು. ಸಂಖ್ಯೆ ಹಿಡಿದು ಕೇಳಿದವರಿಗೆ ಉತ್ತರ ಕೊಡದೆ ಇರುವುದು ಕಷ್ಟ ಎಂದೂ ಹೇಳಿದೆ. ಅವನು ಟಿಕೆಟ್ಟನ್ನು ಪರ್ಸಿನಲ್ಲಿಟ್ಟುಕೊಂಡ, ನನ್ನ ಫೋನ್ ನಂಬರನ್ನೂ ಬರೆಸಿಕೊಂಡ. ಧನ್ಯವಾದ ಹೇಳಲಿಲ್ಲ.

ಹೊರಗೆ ಬಂದ ಮೇಲೆ ಮಗಳು ಕೇಳಿದಳು, "ಆರ್ ಯೂ ಗೋಯಿಂಗ್ ಟು ಗೆಟ್ ಇನ್ ಟ್ರಬಲ್?"

"ಆಗಲೇ ಆಗಿದೆ" ಎಂದೆ. ಅವಳು ನಕ್ಕು, ಎಂದೂ ಇಲ್ಲದ ಹಾಗೆ ಕನ್ನಡದಲ್ಲಿ, "ಅಜ್ಜಯ್ಯಂಗೆ ಹೇಳ್ಬೇಕು" ಎಂದಳು.

ಅಜ್ಜಯ್ಯನಿಗೆ ಹೇಳಿದೆವು. ಬಂದವನು ದೋಣಿ ಕಟ್ಟುವವರ ವಂಶದವನು ಎಂದು ಕೇಳಿ ಅವರಿಗೆ ಖುಷಿಯಾಯಿತು. ನಾನು ಹಲಗೆಯ ಮೇಲೆ ನಿಂತು ಬೀಸಿ ತೋರಿಸಿದ್ದನ್ನೂ ಮಗಳು ವರದಿ ಒಪ್ಪಿಸಿದಳು. ಅಪ್ಪಯ್ಯ, "ಕಾಲ್ ಎಷ್ಟ್ ಅಗ್ಲಿಸ್ದೆ?" ಎಂದು ಕೇಳಿದರು. ಹೇಳಿದೆ. "ಇನ್ನೊಂಚೂರ್ ಅಗ್ಲಿಸ್ಕ್" ಎಂದರು. ಹೆಣ್ಣುಮಕ್ಕಳ ಕೆಲಸ ಅಲ್ಲ ಎನ್ನಲಿಲ್ಲ.

ನನ್ನ ಕರಾರನ್ನು ಕಂಪನಿ ಮುಂದುವರಿಸಲಿಲ್ಲ. ಈಗ ಮುಸಫ್ಫಾದಲ್ಲೇ ಬೇರೊಬ್ಬರ ಸಣ್ಣ ವರ್ಕ್‌ಶಾಪಿನಲ್ಲಿದ್ದೇನೆ. ಅಲ್ ಐನ್‌ನ ಶಾಲೆ ಕಾಲೇಜುಗಳ ಪ್ರಯೋಗಾಲಯಕ್ಕೆ ಮಾದರಿಗಳನ್ನು ಮಾಡುತ್ತೇವೆ. ಗಂಡನ ಭಯ ಹೋಗಿದೆ. ಆಸ್ಪತ್ರೆಯ ಸ್ನೇಹಿತರಿಗೆ ಈ ಕಥೆಯನ್ನು ಈಗ ಅವರೇ ಹೇಳುತ್ತಾರೆ, ಕೇಳಿದವರಿಗೆ ಸಹಿ ಹಾಕಬೇಡ ಎಂದದ್ದೇ ಅವರು ಎನ್ನಿಸುವ ಹಾಗೆ.

ಬೇಸಿಗೆ ರಜೆ ಮುಗಿದ ಮೇಲೆ ಆ ಮೇಷ್ಟ್ರಿಂದ ಒಂದು ಸಂದೇಶ ಬಂತು. ತನ್ನ ದ್ವೀಪದ ಇಬ್ಬರು ಹಿರಿಯರ ಜೊತೆ ಅವನು ಆ ಸಂಗ್ರಹಾಲಯಕ್ಕೆ ಹೋಗಿದ್ದ. ಡ್ರಾಯರುಗಳನ್ನು ತೆರೆದು ತೋರಿಸಿದರಂತೆ. ಬಾಚಿಯನ್ನು ಕೈಗೆ ಕೊಟ್ಟರಂತೆ. ಭಾರ ನೀವು ಹೇಳಿದಷ್ಟೇ ಇದೆ ಎಂದು ಬರೆದಿದ್ದ. ವಾಪಸ್ ಕೊಡಿ ಎಂದು ಲಿಖಿತವಾಗಿ ಕೇಳಿದ್ದಾರೆ. ಪರಿಶೀಲಿಸುತ್ತೇವೆ ಎಂಬ ಉತ್ತರ ಬಂದಿದೆ. ಇವರು ಮತ್ತೆ ಬರೆದಿದ್ದಾರೆ. ಈ ಸಲ ಡ್ರಾಯರುಗಳಲ್ಲಿದ್ದ ಕಲ್ಲುಗಳ ಎಲ್ಲ ಸಂಖ್ಯೆಗಳನ್ನೂ ಸೇರಿಸಿ.